ಬಚ್ಚಿಟ್ಟ ಪತ್ರ: ಭಾವುಕ ಕ್ಲೈಮ್ಯಾಕ್ಸ್ ಯೋಜಿಸಲು ಕಲಿಸಿದ ಒಂದು ಪ್ರಕರಣ

ಮಕ್ಕಳು ಬರೆಯುವ ಕಥೆಗಳಲ್ಲಿ ಎಲ್ಲಕ್ಕಿಂತ ಚಿಕ್ಕದಾಗಿರುವುದು ಕ್ಲೈಮ್ಯಾಕ್ಸ್. ಬೆಳಿಗ್ಗೆ ಎದ್ದದ್ದು, ಸ್ನಾನ ಮಾಡಿದ್ದು, ಬ್ಯಾಗ್ ತುಂಬಿದ್ದು, ಎಲ್ಲಕ್ಕೂ ಒಂದೊಂದು ಸಾಲು ಸಿಗುತ್ತದೆ. ಎರಡು ಪುಟ ಆರಾಮಾಗಿ ನಡೆದ ಕಥೆ ಮುಖ್ಯ ಘಟ್ಟಕ್ಕೆ ಬಂದ ಕೂಡಲೇ ಓಟ ಕೀಳುತ್ತದೆ. "ಅವನಿಗೆ ತುಂಬಾ ದುಃಖವಾಯಿತು. ಬಿಕ್ಕಿ ಬಿಕ್ಕಿ ಅತ್ತನು. ಆಮೇಲೆ ಎಲ್ಲರೂ ಒಂದಾದರು." ಅಷ್ಟೇ, ಕಥೆ ಮುಗೀತು.

ಕಥೆ ಬರೆಸುವ ಯಾವ ಟೀಚರಿಗೂ ಇದು ಹೊಸದಲ್ಲ. ಇಲ್ಲಿರುವುದು ಎಂಟನೇ ತರಗತಿಯ ಒಬ್ಬ ಹುಡುಗಿಯ ಒಂದೇ ಕಥೆ. ಅವಳ ಕ್ಲೈಮ್ಯಾಕ್ಸ್ ಐದು ವಾಕ್ಯದಿಂದ ಒಂದೂವರೆ ಪುಟಕ್ಕೆ ಬೆಳೆಯಿತು. ಅದು ಹೇಗೆ ಬೆಳೆಯಿತು, ಯಾವ ಪ್ರಶ್ನೆ ಕೆಲಸ ಮಾಡಿತು, ಯಾವುದು ಮಾಡಲಿಲ್ಲ ಎಂದು ಬಿಡಿಸಿ ಬರೆಯುತ್ತಿದ್ದೇನೆ.

ಕಥೆ ಏನು, ತೊಡಕು ಎಲ್ಲಿ

ಕಥೆಯಲ್ಲಿ ಇಬ್ಬರು. ಅಣ್ಣ, ತಂಗಿ. ಹೆಸರಿಲ್ಲ. ಅಣ್ಣ ದೂರದ ಕಾಲೇಜಿಗೆ ಅರ್ಜಿ ಹಾಕಿದ್ದಾನೆ. ಸೀಟು ಸಿಕ್ಕಿದೆ ಎಂಬ ಪತ್ರ ಅಂಚೆಯಲ್ಲಿ ಬರುತ್ತದೆ. ಅದು ಮೊದಲು ತಂಗಿಯ ಕೈಗೆ ಸಿಗುತ್ತದೆ. ಅಣ್ಣ ಹೋಗಿಬಿಟ್ಟರೆ ಮನೆಯಲ್ಲಿ ತಾನೊಬ್ಬಳೇ ಆಗುತ್ತೇನೆ ಎಂಬ ಭಯಕ್ಕೆ ಅವಳು ಪತ್ರವನ್ನು ಬಚ್ಚಿಡುತ್ತಾಳೆ. ಕಾಲೇಜಿಗೆ ಸೇರುವ ಕೊನೆಯ ದಿನ ಹತ್ತಿರ ಬರುತ್ತದೆ.

ಒಳ್ಳೆಯ ಕಥೆ, ಅಲ್ವಾ? ತಂಗಿ ಮಾಡಿದ್ದು ತಪ್ಪು, ಆದರೆ ಅವಳ ಮೇಲೆ ಸಿಟ್ಟು ಬರುವುದಿಲ್ಲ. ಇಂಥ ಪಾತ್ರವನ್ನು ಹದಿಮೂರರ ಹುಡುಗಿ ಯೋಚಿಸಿದ್ದೇ ದೊಡ್ಡದು. ಮೊದಲ ಪ್ರತಿಯಲ್ಲಿ ಕ್ಲೈಮ್ಯಾಕ್ಸ್ ಹೀಗಿತ್ತು:

"ಅಣ್ಣನಿಗೆ ಪತ್ರ ಸಿಕ್ಕಿತು. ಅವನಿಗೆ ವಿಪರೀತ ಕೋಪ ಬಂತು. ತಂಗಿಗೆ ತನ್ನ ತಪ್ಪಿನ ಅರಿವಾಗಿ ಕಣ್ಣೀರು ಧಾರಾಕಾರವಾಗಿ ಹರಿಯಿತು. ಅವಳ ಹೃದಯ ಒಡೆದು ಚೂರಾಯಿತು. ಅಣ್ಣ ಅವಳನ್ನು ಕ್ಷಮಿಸಿದನು."

ಹುಡುಗಿಗೇ ಇದು ಸಮಾಧಾನ ತಂದಿರಲಿಲ್ಲ. "ಟೀಚರ್, ಬರೆಯೋವಾಗ ನಂಗೆ ನಿಜವಾಗ್ಲೂ ಅಳು ಬಂದಿತ್ತು. ಈಗ ಓದಿದ್ರೆ ಏನೂ ಆಗ್ತಿಲ್ಲ" ಅಂದಳು. ಇಡೀ ತೊಡಕನ್ನು ಅವಳೇ ಎರಡು ಮಾತಲ್ಲಿ ಹೇಳಿದ್ದಳು. ಬರೆಯುವವಳ ತಲೆಯಲ್ಲಿ ಆ ತಂಗಿ ಇದ್ದಳು, ಮನೆ ಇತ್ತು, ಒಂಟಿತನ ಇತ್ತು. ಹಾಳೆಯ ಮೇಲೆ ಅದ್ಯಾವುದೂ ಇಳಿದಿರಲಿಲ್ಲ. ಓದುವವರಿಗೆ ಸಿಕ್ಕಿದ್ದು ಭಾವನೆಗಳ ಹೆಸರು ಮಾತ್ರ.

ಓದಿ ತೋರಿಸಿದಾಗ ಗೆಳತಿಯರು ಸಹಾಯಕ್ಕೆ ಬಂದರು. ಒಬ್ಬಳು ಮಳೆ ಬರಿಸು ಅಂದಳು. ಇನ್ನೊಬ್ಬಳು ತಂಗಿಗೆ ಜ್ವರ ಬರಲಿ ಅಂದಳು. ಹಿಂದಿನ ಬೆಂಚಿನ ಹುಡುಗ ಅಣ್ಣನಿಗೆ ಆ್ಯಕ್ಸಿಡೆಂಟ್ ಮಾಡಿಸಲು ಹೊರಟ. ಮಕ್ಕಳ ಲೆಕ್ಕ ಸರಳ. ದುಃಖ ಸಾಲದೇ ಹೋದರೆ ಇನ್ನಷ್ಟು ದುಃಖ ಸುರಿಯಬೇಕು. ಈ ಒಂದು ನಂಬಿಕೆಯನ್ನು ಸಡಿಲಿಸುವುದೇ ಈ ಪಾಠದಲ್ಲಿ ಕಷ್ಟದ ಕೆಲಸ ಎಂದು ನನಗೆ ಅನಿಸಿದೆ.

ಬೆಟ್ಟದ ಚಿತ್ರ ಯಾಕೆ ಸಾಲಲಿಲ್ಲ

ಕಥೆಯ ರಚನೆ ಅಂದ ಕೂಡಲೇ ನಾವು ಬೋರ್ಡಿನ ಮೇಲೆ ಬೆಟ್ಟ ಬರೆಯುತ್ತೇವೆ. ಏರು, ತುದಿ, ಇಳಿಜಾರು. ಇದರ ಮೂಲ 1863ರಲ್ಲಿ ಜರ್ಮನಿಯ ಗುಸ್ಟಾವ್ ಫ್ರೈಟಾಗ್ ನಾಟಕ ರಚನೆಯ ಬಗ್ಗೆ ಬರೆದ ಪುಸ್ತಕ. ಅವನ ತಲೆಯಲ್ಲಿದ್ದದ್ದು ಐದು ಅಂಕದ ದುರಂತ ನಾಟಕ, ಅದರಲ್ಲಿ ತುದಿ ಬರುವುದು ನಡುವಿನಲ್ಲಿ. ನಾವು ಅದನ್ನು ಕೊನೆಯ ಕಡೆಗೆ ಸರಿಸಿಕೊಂಡು ಶಾಲೆಯ ಕಥೆಗೆ ಬಳಸುತ್ತೇವೆ. ತೊಂದರೆಯೇನಿಲ್ಲ. ಆದರೆ ಆ ಚಿತ್ರ ಕ್ಲೈಮ್ಯಾಕ್ಸ್ ಎಲ್ಲಿ ಬರುತ್ತದೆ ಎಂದು ತೋರಿಸುತ್ತದೆ. ಅಲ್ಲಿ ಏನಿರಬೇಕು ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ. ನಮ್ಮ ಹುಡುಗಿ ಬೆಟ್ಟವನ್ನು ಸರಿಯಾಗಿಯೇ ಬಿಡಿಸಿದ್ದಳು. ತುದಿಯಲ್ಲಿ "ಪತ್ರ ಸಿಗುತ್ತದೆ" ಎಂದು ನೀಟಾಗಿ ಬರೆದಿದ್ದಳು.

ಮಕ್ಕಳು ಬರೆಯುವ ರೀತಿಯನ್ನೂ ಇಲ್ಲಿ ನೆನೆಯಬೇಕು. ಬರವಣಿಗೆಯ ಬಗ್ಗೆ ಸಂಶೋಧನೆ ಮಾಡಿದ ಕಾರ್ಲ್ ಬೆರೈಟರ್ ಮತ್ತು ಮಾರ್ಲಿನ್ ಸ್ಕಾರ್ಡಮಾಲಿಯಾ 1987ರ ತಮ್ಮ ಪುಸ್ತಕದಲ್ಲಿ ಇದನ್ನು ಚೆನ್ನಾಗಿ ಬಿಡಿಸಿಟ್ಟಿದ್ದಾರೆ. ಹೊಸದಾಗಿ ಬರೆಯುವವರು ಗೊತ್ತಿದ್ದದ್ದನ್ನು ಒಂದಾದ ಮೇಲೆ ಒಂದು ಹೇಳುತ್ತಾ ಹೋಗುತ್ತಾರೆ. ಬರೆದ ಸಾಲೇ ಮುಂದಿನ ಸಾಲನ್ನು ಎಳೆಯುತ್ತದೆ. ಪಳಗಿದವರು ಎಲ್ಲಿಗೆ ಹೋಗಿ ಸೇರಬೇಕು ಎಂದು ನೋಡಿಕೊಂಡು ಅದಕ್ಕೆ ತಕ್ಕ ಹಾಗೆ ಹಿಂದಿನದನ್ನು ಬದಲಿಸುತ್ತಾರೆ. ಆಮೇಲೇನಾಯ್ತು, ಆಮೇಲೇನಾಯ್ತು ಅಂತ ಬರೆಯುವ ಮಗುವಿಗೆ ಕ್ಲೈಮ್ಯಾಕ್ಸ್ ಇನ್ನೊಂದು ಘಟನೆ ಅಷ್ಟೇ. ಅದೂ ಕೈ ಸೋತಿರುವ ಹೊತ್ತಿಗೆ ಬರುವ ಘಟನೆ.

ಹಾಗಂತ ಒಂದು ಪ್ಲಾನಿಂಗ್ ಹಾಳೆ ಹಂಚಿಬಿಟ್ಟರೆ ಕೆಲಸ ಆಗುವುದಿಲ್ಲ. 2007ರಲ್ಲಿ ಸ್ಟೀವ್ ಗ್ರಹಾಂ ಮತ್ತು ಡೊಲೊರೆಸ್ ಪೆರಿನ್ 4ರಿಂದ 12ನೇ ತರಗತಿಯ ಬರವಣಿಗೆ ಪಾಠಗಳ ಮೇಲಿನ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ಬರೆಯುವ ಮುಂಚಿನ ತಯಾರಿ ಚಟುವಟಿಕೆಗಳ ಪರಿಣಾಮದ ಅಳತೆ (ಅಂಕಿ ದೊಡ್ಡದಾದಷ್ಟೂ ಪ್ರಯೋಜನ ಹೆಚ್ಚು) 0.32 ಬಂತು. ಯೋಜಿಸುವುದು, ತಿದ್ದುವುದು ಹೇಗೆ ಎಂಬ ಉಪಾಯಗಳನ್ನು ಬಿಡಿಸಿ ಕಲಿಸಿದಾಗ ಅದು 0.82. ಟೀಚರ್ ಮಕ್ಕಳೆದುರೇ ಗಟ್ಟಿಯಾಗಿ ಯೋಚಿಸಿ ತೋರಿಸಬೇಕು, ಜೊತೆಗೆ ಕೂತು ಮಾಡಿಸಬೇಕು, ಆಮೇಲೆ ಕೈ ಬಿಡಬೇಕು. ಹುಡುಗಿಯ ಒಪ್ಪಿಗೆ ಪಡೆದು ಅವಳ ಕಥೆಯನ್ನೇ ಬೋರ್ಡಿಗೆ ತಂದೆವು.

ಆಯ್ಕೆ ಯಾರದ್ದು?

ಬೋರ್ಡಿನ ಮೇಲೆ ಮೊದಲು ಬರೆದ ಪ್ರಶ್ನೆ: ಈ ದೃಶ್ಯದಲ್ಲಿ ಯಾರು ಏನನ್ನು ಆಯ್ಕೆ ಮಾಡಬೇಕು?

ತರಗತಿ ಸ್ವಲ್ಪ ಹೊತ್ತು ತಡಕಾಡಿತು. ಅಣ್ಣ ಕ್ಷಮಿಸಬೇಕೋ ಬೇಡವೋ ಎಂದು ಆಯ್ಕೆ ಮಾಡುತ್ತಾನೆ ಎಂದರು. ಸರಿ, ಆದರೆ ಕಥೆ ಶುರುವಿನಿಂದ ಯಾರದ್ದು? ತಂಗಿಯದ್ದು. ಪತ್ರ ಬಚ್ಚಿಟ್ಟವಳು ಅವಳು. ಕ್ಲೈಮ್ಯಾಕ್ಸಿನಲ್ಲಿ ಅವಳೇನು ಮಾಡುತ್ತಾಳೆ? ಅಳುತ್ತಾಳೆ. ಬೇರೇನೂ ಮಾಡುವುದಿಲ್ಲ. ಆ್ಯಕ್ಸಿಡೆಂಟ್ ಮಾಡಿಸಲು ಹೊರಟಿದ್ದ ಹುಡುಗನೇ ಈಗ ಸರಿಯಾದ ಜಾಗಕ್ಕೆ ಕೈ ಹಾಕಿದ. "ಪತ್ರ ತಾನಾಗೇ ಸಿಕ್ಕಿಬಿಟ್ರೆ ಅವಳಿಗೆ ಕಷ್ಟವೇ ಇಲ್ವಲ್ಲ ಟೀಚರ್. ಅವಳೇ ಕೊಡಬೇಕು, ಆಗ ಕಷ್ಟ."

ಇಲ್ಲಿಂದ ಕಥೆ ತಿರುಗಿತು. ಪತ್ರ ಆಕಸ್ಮಿಕವಾಗಿ ಸಿಗುವುದು ಬೇಡ ಎಂದು ಹುಡುಗಿ ತೀರ್ಮಾನಿಸಿದಳು. ಆದರೆ ಇಷ್ಟು ದಿನ ಬಚ್ಚಿಟ್ಟವಳು ಈಗ ಯಾಕೆ ಕೊಡುತ್ತಾಳೆ? ಅವಳಿಗೆ ಹೊಸದಾಗಿ ಏನೋ ತಿಳಿಯಬೇಕು. ಗ್ರೀಸಿನ ಅರಿಸ್ಟಾಟಲ್ ನಾಟಕದ ಬಗ್ಗೆ ಬರೆದಾಗ ಹೇಳಿದ್ದು ಇದೇ. ತಿಳಿಯುವುದು ಮತ್ತು ತಿರುಗುವುದು ಒಂದೇ ಕ್ಷಣದಲ್ಲಿ ಆದಾಗ ದೃಶ್ಯಕ್ಕೆ ಎಲ್ಲಕ್ಕಿಂತ ಜಾಸ್ತಿ ಬಲ. ಮಕ್ಕಳಿಗೆ ಕೇಳಿದ್ದು ಇಷ್ಟೇ: ತಂಗಿಗೆ ಯಾವ ವಿಷಯ ಗೊತ್ತಿರಲಿಲ್ಲ?

ಹುಡುಗಿಯ ಮೊದಲ ಉತ್ತರ, "ಅಣ್ಣ ತುಂಬಾ ಒಳ್ಳೆಯವನು ಅಂತ." ಅದು ತಂಗಿಗೆ ಮೊದಲೇ ಗೊತ್ತು. ಎರಡನೇ ಉತ್ತರ, "ಅಣ್ಣನಿಗೆ ಬೇಜಾರಾಗಿದೆ ಅಂತ." ಅದೂ ಮನೆಯವರಿಗೆಲ್ಲ ಕಾಣುತ್ತಿರುವ ವಿಷಯ. ಇಲ್ಲಿ ಆತುರ ಮಾಡಬಾರದು. ಉತ್ತರ ನಾಲಿಗೆಯ ತುದಿಗೆ ಬಂದರೂ ಟೀಚರ್ ಹೇಳಬಾರದು. ಅವಳು ಮನೆಗೆ ಹೋಗಿ ಯೋಚಿಸಿಕೊಂಡು ಬಂದು ಹೇಳಿದ್ದು ಇದು: ಸೀಟು ಸಿಗಲಿಲ್ಲ ಎಂದು ನಂಬಿರುವ ಅಣ್ಣ ತಂಗಿಯನ್ನೇ ಸಮಾಧಾನ ಮಾಡುತ್ತಾನೆ. "ಒಳ್ಳೇದೇ ಆಯ್ತು ಬಿಡು, ನಿನ್ನ ಬಿಟ್ಟು ಹೋಗೋಕೆ ನಂಗೂ ಇಷ್ಟ ಇರಲಿಲ್ಲ" ಅನ್ನುತ್ತಾನೆ. ಅದು ಸುಳ್ಳು ಎಂದು ತಂಗಿಗೆ ಕಾಣುತ್ತದೆ. ತನಗೋಸ್ಕರ ಹೇಳಿದ ಸುಳ್ಳು.

ಇದನ್ನು ಕೇಳಿದಾಗ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಮಳೆಯೂ ಜ್ವರವೂ ಇಲ್ಲದೆ ತಂಗಿ ಈಗ ಇಕ್ಕಟ್ಟಿಗೆ ಸಿಕ್ಕಿದ್ದಳು.

ಕೈಗೆ ಕೆಲಸ

ಎರಡನೇ ಪ್ರಶ್ನೆ: ಆ ಹೊತ್ತಿನಲ್ಲಿ ಅವರ ಕೈಗಳು ಏನು ಮಾಡುತ್ತಿವೆ?

ಭಾವನೆಯ ದೃಶ್ಯದಲ್ಲಿ ಮಕ್ಕಳ ಪಾತ್ರಗಳು ಸುಮ್ನೆ ನಿಂತುಕೊಂಡು ಮಾತಾಡುತ್ತವೆ. ಕೈಗೆ ಒಂದು ಕೆಲಸ ಕೊಟ್ಟರೆ ದೃಶ್ಯಕ್ಕೆ ನಡೆ ಬರುತ್ತದೆ, ಸಮಯ ಕಾಣುತ್ತದೆ. ಹುಡುಗಿ ಹಲವು ಕೆಲಸಗಳನ್ನು ಬರೆದು ಹೊಡೆದು ಹಾಕಿದಳು. ಕಪಾಟು ಜೋಡಿಸುವುದು, ಬಟ್ಟೆ ಮಡಚುವುದು. ಕೊನೆಗೆ ಪುಸ್ತಕ ಹಿಡಿದಳು. ಅಣ್ಣ ಕಾಲೇಜಿಗೆ ಒಯ್ಯಲೆಂದು ಎತ್ತಿಟ್ಟಿದ್ದ ತನ್ನ ಪುಸ್ತಕಗಳನ್ನು ಈಗ ತಂಗಿಗೆ ಕೊಡುತ್ತಾನೆ. ಒಂದೊಂದರ ಮೊದಲ ಪುಟದಲ್ಲೂ ತನ್ನ ಹೆಸರು ಹೊಡೆದು ಅವಳ ಹೆಸರು ಬರೆಯುತ್ತಾನೆ. ಪತ್ರ ಎಲ್ಲಿದೆ? ಆ ಕಟ್ಟಿನ ತೀರಾ ಕೆಳಗಿನ ಪುಸ್ತಕದಲ್ಲಿ.

ಇಷ್ಟು ಸಿಕ್ಕಿದ ಮೇಲೆ ದೃಶ್ಯ ಅರ್ಧ ಬರೆದ ಹಾಗೆಯೇ. ಪ್ರತಿ ಪುಸ್ತಕವೂ ಒಂದು ಹೆಜ್ಜೆ. ತಂಗಿಗೆ ಮೂರು ದಾರಿ. ಸುಮ್ಮನಿದ್ದು ಪತ್ರ ಸಿಗುವವರೆಗೆ ಕಾಯಬಹುದು. ಏನೋ ನೆಪ ಹೇಳಿ ಪುಸ್ತಕ ಎತ್ತಿಕೊಂಡು ಓಡಬಹುದು. ತಾನೇ ಕೊಡಬಹುದು. ಎಷ್ಟು ಹೊತ್ತಿನೊಳಗೆ? ಅಣ್ಣನ ಪೆನ್ನು ಕೆಳಗಿನ ಪುಸ್ತಕ ತಲುಪುವುದರೊಳಗೆ.

ಹೆಸರು ಹೇಳದೆ ಭಾವನೆ ತೋರಿಸುವ ವಿಷಯದಲ್ಲಿ ನಮ್ಮ ಹಳಬರು ತುಂಬಾ ಮುಂದೆ ಇದ್ದರು. ಭರತನ ನಾಟ್ಯಶಾಸ್ತ್ರ ರಸ ಹುಟ್ಟುವುದನ್ನು ಮೂರರ ಕೂಟ ಎನ್ನುತ್ತದೆ. ವಿಭಾವ ಅಂದರೆ ಭಾವನೆಗೆ ಕಾರಣವಾಗುವುದು. ಅನುಭಾವ ಅಂದರೆ ಹೊರಗೆ ಕಾಣುವುದು. ವ್ಯಭಿಚಾರಿ ಭಾವ ಅಂದರೆ ನಡುವೆ ಬಂದು ಹೋಗುವ ಸಣ್ಣ ಭಾವಗಳು. ಇವು 33. ಹನ್ನೊಂದನೇ ಶತಮಾನದ ಮಮ್ಮಟ ತನ್ನ ಕಾವ್ಯಪ್ರಕಾಶದಲ್ಲಿ ಭಾವವನ್ನು ಅದರ ಹೆಸರಿನಿಂದಲೇ ಹೇಳಿಬಿಡುವುದನ್ನು ದೋಷಗಳ ಪಟ್ಟಿಗೆ ಸೇರಿಸಿದ್ದಾನೆ. "ಅವಳಿಗೆ ದುಃಖವಾಯಿತು" ಎಂಬ ವಾಕ್ಯದ ಮೇಲೆ ನಾವು ಎಳೆಯುವ ಕೆಂಪು ಗೆರೆಗೆ ಸಾವಿರ ವರ್ಷದ ಹಿನ್ನೆಲೆ ಇದೆ.

ಆದರೆ ಆ ಗೆರೆಯನ್ನು ನಿಯಮ ಮಾಡಿಬಿಟ್ಟರೆ ಬೇರೆ ತೊಂದರೆ. ಭಾವನೆಯ ಹೆಸರು ಬಳಸಬಾರದು ಎಂದ ಕೂಡಲೇ ತರಗತಿಯ ಅರ್ಧ ಕಥೆಗಳಲ್ಲಿ ಕೈ ನಡುಗಿತು, ತುಟಿ ಅದುರಿತು, ಗಂಟಲು ಒಣಗಿತು, ಬೆವರಿತು, ಮಾತು ನಿಂತಿತು. ಭರತ ಹೇಳುವ ಎಂಟು ಸಾತ್ತ್ವಿಕ ಭಾವಗಳೂ, ಅಂದರೆ ದೇಹದಲ್ಲಿ ತಾನಾಗೇ ಕಾಣುವ ಲಕ್ಷಣಗಳೂ, ಒಂದೇ ಪ್ಯಾರಾದಲ್ಲಿ! ದೇಹದ ಲಕ್ಷಣಗಳ ಪಟ್ಟಿಯೂ ಭಾವನೆಯ ಹೆಸರಿನಷ್ಟೇ ಸಪ್ಪೆ. ಹಾಗಾಗಿ ಒಂದು ಮಿತಿ ಹಾಕಿಕೊಂಡೆವು. ಇಡೀ ದೃಶ್ಯದಲ್ಲಿ ದೇಹದ ಒಂದೇ ಲಕ್ಷಣ. ಉಳಿದದ್ದೆಲ್ಲ ಪಾತ್ರ ಯಾವುದಾದರೂ ವಸ್ತುವಿನ ಜೊತೆ ಮಾಡುವ ಕೆಲಸದಿಂದ ಗೊತ್ತಾಗಬೇಕು.

ಆ "ಬಂದು ಹೋಗುವ ಭಾವ" ಎಂಬ ಮಾತು ಹುಡುಗಿಗೆ ಇನ್ನೊಂದು ಬಾಗಿಲು ತೆಗೆಯಿತು. ತಂಗಿಗೆ ತಪ್ಪಿನ ನೋವು ಇದೆ, ನಿಜ. ಅದರ ನಡುವೆ ಬೇರೇನು ಹಾದು ಹೋಗುತ್ತದೆ? ಅವಳು ಯೋಚಿಸಿ ಹೇಳಿದಳು, "ಅಣ್ಣ ಹೋಗಲ್ಲ ಅಂದಾಗ ಒಂದು ಕ್ಷಣ ಖುಷಿನೂ ಆಗುತ್ತೆ ಟೀಚರ್." ಈ ಖುಷಿಯನ್ನು ಅವಳು ಹೆಸರು ಹಿಡಿದೇ ಬರೆದಳು. ನಾನು ತಿದ್ದಲಿಲ್ಲ. ಓದುವವರು ಊಹಿಸದ ಭಾವನೆಯ ಹೆಸರು ಹೇಳಿದರೆ ಅದು ಸುದ್ದಿಯಾಗುತ್ತದೆ.

ಹಿಂದಕ್ಕೆ ಹೋಗಿ ಬಿತ್ತುವುದು

ಮೂರನೇ ಪ್ರಶ್ನೆಗೆ ಜಾಸ್ತಿ ಸಮಯ ಕೊಟ್ಟೆವು: ಈ ದೃಶ್ಯಕ್ಕೆ ಬರುವ ಹೊತ್ತಿಗೆ ಓದುವವರಿಗೆ ಏನೇನು ಗೊತ್ತಿರಬೇಕು?

ಕ್ಲೈಮ್ಯಾಕ್ಸಿನ ಭಾವನೆ ಕ್ಲೈಮ್ಯಾಕ್ಸಿನಲ್ಲಿ ತಯಾರಾಗುವುದಿಲ್ಲ. ಅಲ್ಲಿ ಅದು ಹೊರಗೆ ಬರುತ್ತದೆ, ಅಷ್ಟೇ. ಅಣ್ಣನಿಗೆ ಆ ಪುಸ್ತಕಗಳ ಮೇಲೆ ಎಷ್ಟು ಪ್ರೀತಿ ಎಂದು ನಮಗೆ ಮೊದಲೇ ಗೊತ್ತಿಲ್ಲದಿದ್ದರೆ ಅವನು ಹೆಸರು ಹೊಡೆಯುವುದರಲ್ಲಿ ನೋವೇನಿದೆ? ಹುಡುಗಿ ಹಿಂದಿನ ಪುಟಗಳಿಗೆ ಹೋದಳು. ಎರಡನೇ ಪ್ಯಾರಾದಲ್ಲಿ ಒಂದು ಸಣ್ಣ ಜಗಳ ಸೇರಿಸಿದಳು. ತಂಗಿ ಅಣ್ಣನ ಪುಸ್ತಕದಲ್ಲಿ ಹೂವಿನ ಚಿತ್ರ ಬರೆದದ್ದಕ್ಕೆ ಅವನು ಎರಡು ದಿನ ಮಾತು ಬಿಡುತ್ತಾನೆ. ಪತ್ರವನ್ನು ನೀಲಿ ರಟ್ಟಿನ ಪುಸ್ತಕದಲ್ಲಿ ಇಡುವುದನ್ನು ಬಿಡಿಸಿ ಬರೆದಳು. ಅಣ್ಣ ಆ ಪುಸ್ತಕವನ್ನು ತೆರೆಯುವುದೇ ಇಲ್ಲ, ಯಾಕೆಂದರೆ ಅದು ಪೂರ್ತಿ ಬಾಯಿಪಾಠ ಆಗಿದೆ. ತನ್ನ ಹೊಸ ಕಥೆಗೆ ಬೇಡವಾದ ಬೆಳಗಿನ ಸ್ನಾನ, ಬ್ಯಾಗು ಎಲ್ಲವನ್ನೂ ತಾನಾಗೇ ತೆಗೆದು ಹಾಕಿದಳು. ನಾನು ಎಷ್ಟು ಹೇಳಿದರೂ ಆಗದ ಕೆಲಸ ಇದು. ಎಲ್ಲಿಗೆ ಹೋಗಬೇಕು ಎಂದು ಗೊತ್ತಾದ ಮೇಲೆ ದಾರಿಗೆ ಬೇಡದ್ದು ಅವಳಿಗೇ ಕಂಡಿತು.

ಒಬ್ಬ ಹುಡುಗ ತಕರಾರು ತೆಗೆದ. "ಈಗೆಲ್ಲ ಫೋನಲ್ಲೇ ನೋಡಬಹುದಲ್ವಾ? ಪತ್ರ ಯಾರು ಕಳಿಸ್ತಾರೆ?" ನ್ಯಾಯವಾದ ಪ್ರಶ್ನೆ. ಹುಡುಗಿ ಕಥೆಯನ್ನು ಹಿಂದಿನ ಕಾಲಕ್ಕೆ ಒಯ್ದಳು. ಮೊದಲ ಪುಟದಲ್ಲೇ ಅಂಚೆಯವನ ಸೈಕಲ್ ಬೆಲ್ ಕೇಳಿಸಿದಳು.

ಹೊಸ ಕ್ಲೈಮ್ಯಾಕ್ಸಿನ ಒಂದು ಭಾಗ, ಅವಳ ಮಾತಿನಲ್ಲೇ:

"ಅಣ್ಣ ಮೊದಲ ಪುಸ್ತಕ ತೆಗೆದ. ತನ್ನ ಹೆಸರಿನ ಮೇಲೆ ಸ್ಕೇಲ್ ಇಟ್ಟು ನೇರವಾಗಿ ಗೆರೆ ಎಳೆದ. ಕೆಳಗೆ ಅವಳ ಹೆಸರು ಬರೆದ. 'ಇನ್ಮೇಲೆ ಇವೆಲ್ಲ ನಿಂದೇ. ಹೂವು ಬೇಕಾದ್ರೂ ಬರ್ಕೋ' ಅಂದ. ಎರಡನೇ ಪುಸ್ತಕ. ಮೂರನೇದು. 'ನಾನು ಹೋಗಿದ್ರೆ ನಿಂಗೆ ಲೆಕ್ಕ ಯಾರು ಹೇಳಿಕೊಡ್ತಿದ್ರು? ಒಳ್ಳೇದೇ ಆಯ್ತು.' ಅವಳಿಗೆ ಒಂದು ಕ್ಷಣ ಖುಷಿಯಾಯಿತು. ಆಮೇಲೆ ಅಣ್ಣನ ಗೆರೆ ನೋಡಿದಳು. ಮೊದಲ ಪುಸ್ತಕದಲ್ಲಿ ಗೆರೆ ನೆಟ್ಟಗಿತ್ತು. ಈಗ ಅವನು ಸ್ಕೇಲ್ ಇಡುತ್ತಿರಲಿಲ್ಲ. ಇನ್ನು ಎರಡೇ ಪುಸ್ತಕ ಉಳಿದಿತ್ತು. 'ಅಣ್ಣಾ, ನೀಲಿದರಲ್ಲಿ ನನ್ನ ಹೆಸರು ಬರೀಬೇಡ' ಅಂದಳು. 'ಯಾಕೆ?' ಅವಳು ಕೆಳಗಿನಿಂದ ಪುಸ್ತಕ ಎಳೆದು ಅವನ ಮುಂದೆ ಇಟ್ಟಳು. ತೆರೆಯಲು ಅವಳಿಗೆ ಆಗಲಿಲ್ಲ."

ಆ ಸ್ಕೇಲ್ ನಾನು ಹೇಳಿಕೊಟ್ಟದ್ದಲ್ಲ, ಈ ಪ್ರಶ್ನೆಗಳಿಗೆ ಉತ್ತರ ಬರೆದುಕೊಂಡಿದ್ದ ಯೋಜನೆಯ ಹಾಳೆಯಲ್ಲೂ ಇರಲಿಲ್ಲ. ಬರೆಯುವಾಗ ಬಂದದ್ದು. ಸಂಶೋಧಕರಾದ ಲಿಂಡಾ ಫ್ಲವರ್ ಮತ್ತು ಜಾನ್ ಹೇಯ್ಸ್ 1981ರಲ್ಲೇ ತೋರಿಸಿದ ಹಾಗೆ ಯೋಜನೆ ಒಮ್ಮೆ ಮುಗಿದು ಆಮೇಲೆ ಬರವಣಿಗೆ ಶುರುವಾಗುವುದಿಲ್ಲ. ಬರೆಯುತ್ತಾ ಬರೆಯುತ್ತಾ ಮತ್ತೆ ಮತ್ತೆ ಯೋಜಿಸುತ್ತೇವೆ. ಮಕ್ಕಳಿಗೆ ಇದನ್ನು ಬಾಯಿಬಿಟ್ಟು ಹೇಳಬೇಕು. ಇಲ್ಲದಿದ್ದರೆ ಹಾಳೆಯಲ್ಲಿ ಬರೆದದ್ದನ್ನು ಬದಲಿಸಿದರೆ ಅಂಕ ಹೋಗುತ್ತದೆ ಎಂದು ಹೆದರುತ್ತಾರೆ. ಅದೇ ತರಗತಿಯ ಒಬ್ಬ ಜಾಣ ಹುಡುಗನಿಗೆ ಆದದ್ದು ಇದೇ. ಅವನ ಹಾಳೆ ಅಚ್ಚುಕಟ್ಟಾಗಿ ತುಂಬಿತ್ತು. ಕಥೆ ಮಾತ್ರ ಹಾಳೆಯ ನಕಲಾಗಿತ್ತು. ಇನ್ನೊಬ್ಬಳಿಗೆ ಹಾಳೆ ಕಂಡರೇ ಪೆನ್ನು ನಿಲ್ಲುತ್ತಿತ್ತು. ಅವಳು ಗೆಳತಿಗೆ ಕಥೆಯನ್ನು ಬಾಯಲ್ಲಿ ಹೇಳಿ ಹೇಳಿ ದೃಶ್ಯ ಕಂಡುಕೊಂಡಳು. ಅದೂ ಯೋಜನೆಯೇ.

ಕೊನೆಯ ಸಾಲಿನ ಜಗಳ

"ಕ್ಷಮಿಸಿದನು" ಎಂಬ ವಾಕ್ಯದ ಬದಲು ಏನು? ತರಗತಿ ಎರಡು ಪಾಲಾಯಿತು. ಅಣ್ಣ ಒಂದು ಸಲವಾದರೂ ಬಯ್ಯಲೇಬೇಕು ಎಂದು ಹುಡುಗರು. ಬಯ್ದರೆ ಅವನು ಅವನೇ ಅಲ್ಲ ಎಂದು ಹುಡುಗಿ. ಅವಳು ಬರೆದದ್ದು: ಅಣ್ಣ ಪತ್ರವನ್ನು ಎರಡು ಸಲ ಓದುತ್ತಾನೆ. ಸೇರಬೇಕಾದ ದಿನಾಂಕ ನಾಳೆಯದು. "ಮೊದಲ ಬಸ್ ಎಷ್ಟೊತ್ತಿಗೆ?" ಅನ್ನುತ್ತಾನೆ. ತಂಗಿಗೆ ಸಮಯ ಬಾಯಿಪಾಠವಾಗಿ ಗೊತ್ತಿರುತ್ತದೆ, ತಕ್ಷಣ ಹೇಳುತ್ತಾಳೆ. ಅವಳು ಅದನ್ನು ಎಷ್ಟು ಸಲ ವಿಚಾರಿಸಿಕೊಂಡಿದ್ದಾಳೆ, ಪತ್ರ ಬಚ್ಚಿಟ್ಟ ದಿನದಿಂದ ಅವಳೊಳಗೆ ಏನು ನಡೆದಿದೆ ಎನ್ನುವುದು ಆ ಒಂದು ಉತ್ತರದಲ್ಲಿ ಸಿಗುತ್ತದೆ. ಕ್ಷಮೆಯ ಮಾತೇ ಎತ್ತದೆ ಅವಳು ದೃಶ್ಯ ಮುಗಿಸಿದ್ದಳು. ಬಯ್ಯಬೇಕು ಎಂದ ಹುಡುಗರು ಕೊನೆಯವರೆಗೂ ಒಪ್ಪಲಿಲ್ಲ. ಒಪ್ಪಬೇಕಾಗಿಯೂ ಇಲ್ಲ.

ಮೌಲ್ಯಮಾಪನಕ್ಕೆ "ಓದಿ ಅಳು ಬಂತಾ?" ಎಂದು ಯಾರನ್ನೂ ಕೇಳಲಿಲ್ಲ. ಓದಿದ ಗೆಳೆಯರಿಗೆ ಎರಡೇ ಪ್ರಶ್ನೆ. ಯಾವ ಸಾಲಿನಲ್ಲಿ ದೃಶ್ಯ ತಿರುಗಿತು? ಆ ಸಾಲು ಅರ್ಥವಾಗಲು ಹಿಂದಿನ ಯಾವ ಸಾಲು ಬೇಕಾಯಿತು? ಎರಡಕ್ಕೂ ಬೆರಳಿಟ್ಟು ತೋರಿಸಲು ಆದರೆ ಯೋಜನೆ ಗಟ್ಟಿಯಾಗಿದೆ ಎಂದೇ ಅರ್ಥ. ನೀಲಿ ಪುಸ್ತಕದ ಕಥೆಯಲ್ಲಿ ಹೆಚ್ಚಿನವರು ಸ್ಕೇಲ್ ಇಲ್ಲದ ಗೆರೆಯನ್ನು ತೋರಿಸಿದರು. ಕೆಲವರು ಬಸ್ಸಿನ ಸಮಯ ತೋರಿಸಿದರು.

ಒಂದು ಎಚ್ಚರ

ಭಾವನೆಯ ದೃಶ್ಯ ಬರೆಯಿರಿ ಎಂದಾಗ ಕೆಲವು ಮಕ್ಕಳು ತಮ್ಮದೇ ನೋವು ತಂದು ಇಡುತ್ತಾರೆ. ಮನೆಯಲ್ಲಿ ಆದ ಸಾವು, ಅಪ್ಪ ಅಮ್ಮನ ಜಗಳ. ಈ ತರಗತಿಯಲ್ಲೂ ಅಂಥ ಒಂದು ಕಥೆ ಬಂತು. ನಿಮ್ಮ ಜೀವನದ್ದೇ ಬರೆಯಬೇಕಾಗಿಲ್ಲ, ಕಟ್ಟಿದ ಕಥೆ ಸಾಕು ಎಂದು ಶುರುವಿನಲ್ಲೇ ಹೇಳುವುದು ಟೀಚರ ಕರ್ತವ್ಯ. ಹಾಗೆ ಹೇಳಿದ ಮೇಲೂ ಮಗು ಬರೆದರೆ ಅದನ್ನು ಎಲ್ಲರೆದುರು ಓದಿಸಬಾರದು, "ಆಯ್ಕೆ ಯಾರದ್ದು?" ಎಂದು ಬೋರ್ಡಿಗೆ ಎಳೆಯಬಾರದು. ಅಲ್ಲಿ ಮೊದಲು ಮಗು, ಆಮೇಲೆ ಕಥೆ. ಪಕ್ಕದಲ್ಲಿ ಕೂತು ಮಾತಾಡಬೇಕು. ಮಗುವಿಗೆ ತೊಂದರೆ ಇದೆ ಅನಿಸಿದರೆ ಶಾಲೆಯಲ್ಲಿ ಅದಕ್ಕಾಗಿ ಇರುವ ಹಿರಿಯರಿಗೋ ಆಪ್ತಸಲಹೆಗಾರರಿಗೋ ತಿಳಿಸಲೇಬೇಕು. ಆ ಕಥೆಗೆ ನಾನು ಅಂಕ ಹಾಕಲಿಲ್ಲ. ಬೇರೊಂದು ಕಥೆ ಬರೆಯಲು ಅವಕಾಶ ಕೊಟ್ಟೆ, ಅದಕ್ಕೆ ಅಂಕ ಹಾಕಿದೆ.

ಆಮೇಲೆ

ಮುಂದಿನ ಕಥೆಗೆ ನಮ್ಮ ಹುಡುಗಿ ಹಾಳೆ ಕೇಳಲಿಲ್ಲ. ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಪೆನ್ಸಿಲಿನಲ್ಲಿ ಬರೆದುಕೊಂಡಿದ್ದಳು: "ಅಜ್ಜಿಗೆ ಕಿವಿ ಕೇಳಲ್ಲ ಅಂತ ಎಲ್ಲರೂ ಅಂದುಕೊಂಡಿದ್ದಾರೆ. ಅಜ್ಜಿಗೆ ಕೇಳುತ್ತೆ. ಮೊಮ್ಮಗನಿಗೆ ಅದು ಯಾವಾಗ ಗೊತ್ತಾಗಬೇಕು?" ಅದರ ಕೆಳಗೆ "ಕೈ: ರೇಡಿಯೋ" ಎಂದಿತ್ತು. ಆಯ್ಕೆಯ ಜಾಗ ಖಾಲಿ ಇತ್ತು. ಯಾಕೆ ಎಂದು ಕೇಳಿದೆ. "ಅದು ಮೊಮ್ಮಗಂದಾ ಅಜ್ಜಿದಾ ಇನ್ನೂ ಗೊತ್ತಾಗ್ಲಿಲ್ಲ ಟೀಚರ್. ಅರ್ಧ ಬರೆದು ನೋಡ್ತೀನಿ" ಅಂದಳು.